ಕೊನೆಗೆ ಬಂದವರಿಗೆ ಮೊದಲ ಕಪ್ಪು

ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ಸಲವಾದರೂ ಬಸ್ಸಿಗೆ ಕಾದವರಿಗೆ ಮಹಮ್ಮದಹನೀಫ ಸಾಹೇಬರು ಗೊತ್ತು. ಅವರು ಅಲ್ಲಿಯ ಕಂಟ್ರೋಲರ್. ಯಾವ ಗಾಡಿ ಬಂತು, ಯಾವುದು ಹೊರಟಿತು ಎಂದು ನೋಡಿಕೊಳ್ಳುತ್ತ, ಕಿಟಕಿಗೆ ಜಾಳಿಗೆ ಹೊಡೆದ ಕೋಣೆಯಲ್ಲಿ ಕೂತು ಮೈಕಿನಲ್ಲಿ ಕೂಗುವವರು. "ಇಂಡಿ, ಝಳಕಿ ಕಡೆ ಹೋಗುವ ಪ್ರಯಾಣಿಕರು ಕೂಡಲೇ ಬಸ್ಸಿನಲ್ಲಿ ಕುಳಿತುಕೊಳ್ಳಬೇಕು" ಎಂದು ಆ ದನಿ ಗುಡುಗಿತೆಂದರೆ ಮುಗಿಯಿತು. ಕಬ್ಬಿನ ಹಾಲು ಕುಡಿಯುತ್ತಿದ್ದವನು ಗ್ಲಾಸು ಅಲ್ಲೇ ಇಟ್ಟು ಓಡುತ್ತಾನೆ. ಬಾಳೆಹಣ್ಣಿಗೆ ಚೌಕಾಶಿ ಮಾಡುತ್ತಿದ್ದ ಹೆಂಗಸು ಹಣ್ಣನ್ನೂ ಚೌಕಾಶಿಯನ್ನೂ ಬಿಟ್ಟು ಓಡುತ್ತಾಳೆ. ಇಂಡಿಗೆ ಹೋಗುವುದೇ ಇಲ್ಲದವರೂ ಗಾಬರಿಯಲ್ಲಿ ನಾಲ್ಕು ಹೆಜ್ಜೆ ಓಡಿ, ಆಮೇಲೆ ನೆನಪಾಗಿ ನಿಲ್ಲುತ್ತಾರೆ. ಹೀಗೆ ಇಡೀ ತಾಲೂಕನ್ನು ವರ್ಷಗಟ್ಟಲೆ ಓಡಿಸಿದ ಮನುಷ್ಯ ತಾನು ಮಾತ್ರ ಒಂದು ದಿನವೂ ಓಡಿರಲಿಲ್ಲ. ಓಡಲಿಕ್ಕೆ ಕಾರಣವಾದರೂ ಏನಿತ್ತು? ಬಸ್ಸುಗಳೆಲ್ಲ ಅವರ ಕಿಟಕಿಯ ಮುಂದೆಯೇ ಬಂದು ನಿಲ್ಲುತ್ತಿದ್ದವು.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅನ್ನುತ್ತಾರೆ. ಹನೀಫರ ವಿಷಯದಲ್ಲಿ ಸಾಲದೆ ಬಂದದ್ದು ಕುರ್ಚಿ. ಮೊದಲು ಕೈಯಿಲ್ಲದ ಕುರ್ಚಿ ತರಿಸಿದರು, ಆಮೇಲೆ ಅಗಲದ ಕುರ್ಚಿ ತರಿಸಿದರು. ಹೆಂಡತಿ ಪೀರಬಿ ಒಂದೆರಡು ಸಲ ಎಚ್ಚರಿಸಿದಳು. "ಮುಂದಿನ ಸಲ ಪಲ್ಲಂಗನ ಒಯ್ಯಿರಿ, ಮಲಕ್ಕೊಂಡನ ಕೂಗಬಹುದು" ಅಂದಳು. ಹನೀಫರು ನಕ್ಕು ಸುಮ್ಮನಾದರು. ಪೀರಬಿಯ ಮಾತಿಗೆ ನಕ್ಕು ಸುಮ್ಮನಾಗುವುದು ಆ ಮನೆಯಲ್ಲಿ ಹಳೆಯ ರೂಢಿ.

ಆದರೆ ಶ್ರಾವಣದ ಒಂದು ಮುಂಜಾನೆ ನಡೆದದ್ದು ನಗುವ ಸಂಗತಿಯಾಗಿರಲಿಲ್ಲ. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಇಂಡಿಗೆ ಹೊರಟ ಮುದುಕಿಯೊಬ್ಬಳು ಬಾಕಿನ ಮೇಲೆ ತನ್ನ ಕೈಚೀಲ ಮರೆತು ಗಾಡಿ ಹತ್ತಿದಳು. ಹನೀಫರು ನೋಡಿದರು. ಚೀಲದ ಬಾಯಿಂದ ಕೂಸಿನ ತಲೆಗೆ ಹಾಕುವ ಹೊಸ ಕುಂಚಿಗೆಯ ಕೆಂಪು ಅಂಚು ಇಣುಕುತ್ತಿತ್ತು. ಅಜ್ಜಿಯೇ ಕೈಯಾರೆ ಹೊಲಿದಿದ್ದಿರಬೇಕು, ಮಿರುಗುವ ಟಿಕಳಿ ಬೇರೆ ಹಚ್ಚಿದ್ದಳು. ಗಾಡಿ ಗೇಟು ದಾಟುತ್ತಿತ್ತು. ಹನೀಫರು ಚೀಲ ಎತ್ತಿಕೊಂಡು ಓಡಿದರು, ಅಂದರೆ ಓಡಲಿಕ್ಕೆ ನೋಡಿದರು. ಕಬ್ಬಿನ ಗಾಣದ ತನಕ ಹೋಗುವುದರಲ್ಲಿ ಎದೆ ಬಾಯಿಗೆ ಬಂತು. ಮೊಣಕಾಲ ಮೇಲೆ ಕೈಯೂರಿ ನಿಂತರು. ಗಾಡಿ ಹೋಯಿತು. ಚೀಲವನ್ನು ಮುಂದಿನ ಗಾಡಿಗೆ ಕೊಟ್ಟು ಕಳಿಸಿದರೇನೋ ಸರಿ, ಆದರೆ ಕೂಸನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ ಕುಂಚಿಗೆ ಮುಟ್ಟಲಿಲ್ಲವಂತೆ, ಅಜ್ಜಿ ಕಣ್ಣೀರು ಹಾಕಿದಳಂತೆ. ಕಂಡಕ್ಟರ್ ಬಂದು ಇದನ್ನು ಹೇಳಿದ ದಿನ ಹನೀಫರು ಮನೆಯಲ್ಲಿ ಅರ್ಧ ರೊಟ್ಟಿಗೇ ಕೈ ತೊಳೆದರು.

ಪ್ರತಿ ರವಿವಾರ ಬೆಳಕು ಹರಿಯುವ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಮುಂದಿನಿಂದ ಒಂದು ಗುಂಪು ಓಡಿಹೋಗುತ್ತಿತ್ತು. ಅವರದೊಂದು ಬಳಗ. ಅದಕ್ಕೊಂದು ಚೆಂದದ ಹೆಸರೂ ಇತ್ತು, ಆದರೆ ಊರು ಅವರನ್ನು 'ಓಡೋ ಮಂದಿ' ಎಂದೇ ಕರೆಯುತ್ತಿತ್ತು. ಅರಿವೆ ಅಂಗಡಿಯವರು, ವಕೀಲರು, ಸಾಲಿ ಮಾಸ್ತರರು, ಒಬ್ಬ ಪೊಲೀಸಪ್ಪ. ಇವರಿಗೆಲ್ಲ ಮುಖ್ಯಸ್ಥರು ಬಸಂತರಾಯ ಮಾಸ್ತರರು. ಹೈಸ್ಕೂಲಿನಲ್ಲಿ ಪಿ.ಟಿ. ಹೇಳುತ್ತಿದ್ದು ನಿವೃತ್ತರಾದವರು, ನಿವೃತ್ತಿಯಾದರೂ ಕೊರಳಿನ ಸೀಟಿ ಬಿಚ್ಚದವರು. ಹನೀಫರು ಒಂದು ದಿನ ಧೈರ್ಯ ಮಾಡಿ ಅವರನ್ನು ಚಹಾದಂಗಡಿಯಲ್ಲಿ ಹಿಡಿದರು.

"ಮಾಸ್ತರ, ನನ್ನಂಥವರನ್ನೂ ಸೇರಿಸಿಕೊಂತೀರೇನ್ರಿ?"

ಮಾಸ್ತರರು ಅವರನ್ನು ಮೇಲಿಂದ ಕೆಳಗೆ ನೋಡಿದರು. ಕೆಳಗೆ ನೋಡಲಿಕ್ಕೆ ನಡುವೆ ಹೊಟ್ಟೆ ಅಡ್ಡವಾಯಿತು. "ನಿಮ್ಮಂಥವರ ಸಲುವಾಗಿನ ಮಾಡೇವ್ರಿ ಸಾಹೇಬ್ರ. ಓಡಾಕ ಬರೂದಿದ್ದವರು ಮನಿಯಿಂದನ ಓಡ್ತಾರ. ಐತಾರ ಬರ್ರಿ."

ಆ ರವಿವಾರ ಹನೀಫರು ಫಜರ್ ನಮಾಜು ಮುಗಿಸಿ, ತಲೆ ಬಾಚಿ, ಕಿವಿಯ ಹಿಂದೆ ಅತ್ತರು ಹಚ್ಚಿಕೊಂಡರು. ಸಂತೆಯಲ್ಲಿ ತಂದ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ನಾಚಿಕೆಯಾಗಿ ಅದರ ಮೇಲೆ ದಿನದ ಪ್ಯಾಂಟನ್ನೂ ಹಾಕಿಕೊಂಡರು. ಬೂಟನ್ನು ಚೀಲದಲ್ಲಿಟ್ಟು ಚಪ್ಪಲಿ ಮೆಟ್ಟಿದರು.

"ಓಡಾಕ ಹೊಂಟೀರೋ, ಹೆಣ್ಣ ನೋಡಾಕ ಹೊಂಟೀರೋ?" ಪೀರಬಿ ಬಾಗಿಲಲ್ಲೇ ನಿಂತು ಕೇಳಿದಳು.

"ಮೆಲ್ಲಕ ಮಾತಾಡಬಾರದೇನ? ಬಾಜೂ ಮನಿಯವ್ರು ಕೇಳ್ತಾರ."

"ಕೇಳಲಿ ಬಿಡ್ರಿ. ದಿನಾ ನೀವು ಕೂಗೂದನ್ನ ಊರ ಕೇಳತೈತಿ, ಒಂದಿನ ನಂದೂ ಕೇಳಲಿ."

ಬಾಜೂ ಮನೆಯವರು ಕೇಳಿಸಿಕೊಂಡೂ ಆಗಿತ್ತು. ಚೀಲ ನೋಡಿ "ಊರಿಗೆ ಹೊಂಟೀರೇನ್ರಿ?" ಅಂದರು. ಹನೀಫರು ಹೌದೆನ್ನಲಾರದೆ, ಇಲ್ಲವೆನ್ನಲಾರದೆ ತಲೆಯನ್ನು ಗುಂಡಗೆ ಅಲ್ಲಾಡಿಸಿ ದಾಟಿಕೊಂಡರು.

ಹೊಸಬರಿಗೆ ಮೊದಲ ದಿನ ಅರ್ಧ ಹಾದಿ ಎಂಬುದು ಬಳಗದ ಕಟ್ಟಳೆ. ಪೂರ್ತಿ ಹಾದಿ ಅಂದರೆ ಮೈದಾನದಿಂದ ಹೊರಟು ಬಸ್‌ಸ್ಟ್ಯಾಂಡು ದಾಟಿ, ಕನ್ನೊಳ್ಳಿ ರಸ್ತೆ ಹಿಡಿದು, ಇಟ್ಟಂಗಿ ಭಟ್ಟಿಯ ಮುಂದಿನ ದೊಡ್ಡ ಬೇವಿನ ಗಿಡ ಮುಟ್ಟಿ ಹೊಳ್ಳಿ ಬರುವುದು. ಸೀಟಿ ಊದಿತು. ಎಲ್ಲರೂ ಮುಂದೆ ಹೋದರು. ಹನೀಫರು ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಹಿಂದೆ ಹೊರಟರು. ಬಸ್‌ಸ್ಟ್ಯಾಂಡಿನ ಮುಂದೆ ಬಂದಾಗ ಬೆನ್ನ ಹಿಂದೆ ದಬದಬ ಸಪ್ಪಳ ಕೇಳಿತು. ತಿರುಗಿ ನೋಡಿದರೆ ಗಂಟುಮೂಟೆ ಹೊತ್ತ ಮೂರು ಜನ ತಮ್ಮ ಹಿಂದೆ ಓಡಿಬರುತ್ತಿದ್ದಾರೆ!

"ಸಾಹೇಬ್ರ, ನಿಂದರ್ರಿ! ಯಾವ ಗಾಡಿ ಹೋತ್ರಿ?"

"ಯಾವ ಗಾಡೀನೂ ಹೋಗಿಲ್ರಿ."

"ಮತ್ತ ನೀವ್ಯಾಕ ಓಡಾಕತ್ತೀರಿ?"

"ಸುಮ್ಮನ."

"ಸುಮ್ಮನ ಯಾರರೆ ಓಡ್ತಾರೇನ್ರಿ?" ಎಂದು ಅವರಲ್ಲಿ ದೊಡ್ಡವನು ಗಂಟು ಕೆಳಗಿಟ್ಟು ಸಿಟ್ಟಾದ. "ಕಂಟ್ರೋಲರ್ ಓಡಿದ್ರ ಗಾಡಿ ತಪ್ಪತೈತಿ ಅಂತನ ನಾವು ತಿಳಕೊಳ್ಳೂದು. ಮಂದಿ ಜೀವಾ ತಗೀಬ್ಯಾಡ್ರಿ."

ಅವನದೇನೂ ತಪ್ಪಿರಲಿಲ್ಲ. ಇಷ್ಟು ವರ್ಷ ಕಲಿಸಿದವರು ಇವರೇ ಅಲ್ಲವೇ!

ಅರ್ಧ ಹಾದಿ ಹೇಗೋ ಮುಗಿಸಿ ಹನೀಫರು ಮೈದಾನಕ್ಕೆ ಬಂದಾಗ ಬಳಗದ ಇನ್ನೊಂದು ಕಟ್ಟಳೆ ಕಣ್ಣಿಗೆ ಬಿತ್ತು. ಕಟ್ಟೆಯ ಮೇಲೆ ದೊಡ್ಡ ಕಿಟ್ಲಿಯಲ್ಲಿ ಚಹಾ ಬಂದು ಕೂತಿದೆ, ಹೊಗೆಯಾಡುತ್ತಿದೆ, ಶುಂಠಿಯ ವಾಸನೆ ಮೂಗಿಗೆ ಬಡಿಯುತ್ತಿದೆ. ಬೆವರಿಳಿಸಿಕೊಂಡ ಮಂದಿ ಸುತ್ತಲೂ ಕೂತಿದ್ದಾರೆ. ಒಬ್ಬರೂ ಕಿಟ್ಲಿ ಮುಟ್ಟುತ್ತಿಲ್ಲ.

"ಕೊನೀ ಮಂದಿ ಬರೂತನಕ ಚಾ ಇಲ್ರಿ ನಮ್ಮಲ್ಲೆ" ಅಂದರು ಮಾಸ್ತರರು. "ಕೊನೀಗೆ ಬಂದವ್ರಿಗೆ ಮೊದಲನೇ ಕಪ್ಪು. ಅವರು ಒಂದು ಗುಟುಕ ಕುಡದಮ್ಯಾಗನ ಉಳದವ್ರಿಗೆ."

ಕೊನೆಗೆ ಬಂದವರು ಸುನಂದಾ ಬಾಯಿ. ಪೋಸ್ಟ್ ಆಫೀಸಿನಲ್ಲಿ ಕೌಂಟರಿನ ಹಿಂದೆ ಕೂರುವವರು, ಮೈಕಟ್ಟಿನಲ್ಲಿ ಹೆಚ್ಚುಕಡಿಮೆ ಹನೀಫರದೇ ಪಂಗಡ. ಚೂಡಿದಾರದ ವೇಲನ್ನು ನಡುವಿಗೆ ಬಿಗಿದು, ಮುಖ ಟೊಮ್ಯಾಟೊ ಮಾಡಿಕೊಂಡು ಬಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಮೊದಲ ಕಪ್ಪು ಅವರ ಕೈಗೆ ಬಂತು. ಒಂದು ಗುಟುಕು ಕುಡಿದು "ಹಾಂ, ಸಕ್ಕರಿ ಬರೋಬ್ಬರಿ ಐತಿ. ಕುಡೀರಿನ್ನ!" ಅಂದರು. ಮಂದಿ ಕಿಟ್ಲಿಗೆ ಮುಗಿಬಿದ್ದರು.

ಸುನಂದಾ ಬಾಯಿ ನಗುತ್ತಲೇ ಇದ್ದರು. ಹನೀಫರು ಮಾತ್ರ ನಗಲಿಲ್ಲ. ಒಂದು ಗಾಡಿ ತಡವಾದರೆ ಬೈಸಿಕೊಳ್ಳುವುದು ಯಾರೆಂದು ಅವರಿಗೆ ಚೆನ್ನಾಗಿ ಗೊತ್ತು. ಇಷ್ಟು ಮಂದಿ ತನಗಾಗಿ ಚಹಾ ಆರಿಸಿಕೊಂಡು ಕೂರುವುದು, ಎಲ್ಲರೆದುರು ತಾನೊಬ್ಬನೇ ಮೊದಲ ಗುಟುಕು ಕುಡಿಯುವುದು! ಬೇರೆ ಏನಾದರೂ ಆಗಲಿ, ಆ ಕಪ್ಪು ನನ್ನ ಕೈಗೆ ಬರಬಾರದು ಎಂದುಕೊಂಡರು. ಆ ಮರ್ಯಾದೆ ಅವರಿಗೆ ಮಾನ ಹೋಗುವ ಹಾಗೆಯೇ ಕಂಡಿತು.

ಮುಂದಿನ ರವಿವಾರ ಪೂರ್ತಿ ಹಾದಿ. ಹೊರಡುವ ಮೊದಲು ಸುನಂದಾ ಬಾಯಿ ಅವರ ಹತ್ತಿರ ಬಂದು ನಿಂತರು.

"ಹನೀಫ ಅಣ್ಣಾರ, ಬೇಜಾರ ಮಾಡಿಕೋಬ್ಯಾಡ್ರಿ, ಒಂದು ಮಾತ ಹೇಳ್ತೇನಿ. ನಾ ಈ ಬಳಗ ಸೇರಿ ಒಂದೂವರಿ ವರ್ಷಾತು. ಹೊಳ್ಳಿ ನೋಡಿದ್ರ ನನ್ನ ಹಿಂದ ಬರೇ ನಾಯಿ ಇರ್ತಿದ್ವು. ಇವತ್ತ ಮೊದಲನೇ ಸಲ ಮನಷ್ಯಾರು ಇರ್ತಾರ."

ಎಷ್ಟು ಖುಷಿಯಿಂದ ಹೇಳಿದರೆಂದರೆ ಹನೀಫರಿಗೂ ನಗು ಬಂತು. ಓಡುವಾಗಲೂ ಆಕೆ ಆಗಾಗ ಹೊಳ್ಳಿ ನೋಡಿ, ಹನೀಫರು ಕಂಡೊಡನೆ ಕೈಯೆತ್ತಿ ಮುಂದೆ ಹೋಗುತ್ತಿದ್ದರು. ಬೇವಿನ ಗಿಡದ ತನಕ ಹೀಗೇ ನಡೆಯಿತು. ಗಿಡ ಮುಟ್ಟಿ ಹೊಳ್ಳಿದ ಮೇಲೆ ಹನೀಫರ ಕಾಲು ಸೋತವು. ನಡೆದರು, ನಿಂತರು, ಮತ್ತೆ ನಡೆದರು. ಎರಡೂ ಕಡೆ ತೊಗರಿ ಹೊಲ, ತಂಪು ಗಾಳಿ, ಯಾವುದೂ ಕಣ್ಣಿಗೆ ಬೀಳಲಿಲ್ಲ. ಕಣ್ಣ ಮುಂದೆ ಇದ್ದದ್ದು ಆ ಕಿಟ್ಲಿ. ರಸ್ತೆ ತಿರುವಿದಲ್ಲಿ ಸುನಂದಾ ಬಾಯಿ ಮರೆಯಾದರು.

ಆಗ ಹಿಂದಿನಿಂದ ಹಾರ್ನ್ ಕೇಳಿತು. ಕನ್ನೊಳ್ಳಿ ಕಡೆಯಿಂದ ಬರುವ ಮುಂಜಾನೆಯ ಗಾಡಿ. ಡ್ರೈವರ್ ಶ್ರೀಶೈಲ ಎಂಬವನು. ಕಂಟ್ರೋಲರ್ ಸಾಹೇಬರು ರಸ್ತೆಯ ಮೇಲೆ ಏದುಸಿರು ಬಿಡುತ್ತ ಬರುವುದನ್ನು ಕಂಡು ಅವನು ಗಾಡಿ ನಿಲ್ಲಿಸದೇ ಇದ್ದಾನೆಯೇ?

"ಹತ್ರಿ ಸಾಹೇಬ್ರ! ಏನಾತ್ರಿ? ಸೈಕಲ್ ಮೋಟರ್ ಕೈ ಕೊಟ್ಟಿತೇನು?"

"ಇಲ್ಲೋ, ನಾ ಓಡಾಕತ್ತೇನಿ. ನೀ ಹೋಗು."

"ಓಡೂದ್ಯಾಕ್ರಿ? ಗಾಡಿ ನಿಂತೈತಲ್ಲ!"

ಶ್ರೀಶೈಲನ ಲೆಕ್ಕ ಸರಳವಾಗಿತ್ತು. ಮನುಷ್ಯ ಓಡುವುದು ಬಸ್ಸಿಗಾಗಿ. ಬಸ್ಸು ನಿಂತಮೇಲೆ ಓಡಲಿಕ್ಕೇನಿದೆ? ಅವನು ಹೋಗಲೊಲ್ಲ. ಗಾಡಿಯಲ್ಲಿದ್ದವರೂ ಕಿಟಕಿಯಿಂದ ತಲೆ ಹಾಕಿ "ಬರ್ರಿ ಸಾಹೇಬ್ರ, ಜಾಗಾ ಐತಿ" ಎಂದು ಕರೆದರು. ಹನೀಫರಿಗೆ ಕಿಟ್ಲಿ ನೆನಪಾಯಿತು. ಗಾಡಿ ತಡವಾಗುತ್ತಿರುವುದೂ ನೆನಪಾಯಿತು. ಆಮೇಲೆ ನೆನಪಾದದ್ದು ಮೊಣಕಾಲು. ಮೂರೂ ಸೇರಿ ಅವರನ್ನು ಮೆಟ್ಟಿಲ ಮೇಲೆ ಎತ್ತಿಟ್ಟವು.

ಒಬ್ಬ ಮುದುಕಿ ಸರಿದು ಜಾಗ ಕೊಟ್ಟಳು. "ಕುಂದ್ರೋ ಯಪ್ಪಾ. ಬೆವರ ನೋಡು, ಹೆಂಗ ಇಳಿಯಾಕತ್ತೈತಿ" ಎಂದು ಸೆರಗಿನಿಂದ ಗಾಳಿ ಹಾಕಿದಳು. ತಿರುವು ದಾಟಿದ ಕೂಡಲೇ ಮುಂದೆ ರಸ್ತೆಯಂಚಿನಲ್ಲಿ ಸುನಂದಾ ಬಾಯಿಯ ಬೆನ್ನು ಕಂಡಿತು. ಹನೀಫರು ಬೂಟಿನ ಲಾಡಿ ಕಟ್ಟುವ ನೆವದಲ್ಲಿ ಬಗ್ಗಿ ಸೀಟಿನ ಸಂದಿಯಲ್ಲಿ ತಲೆ ಹುಗಿಸಿಕೊಂಡರು. ಮುದುಕಿ ಒಮ್ಮೆ ಹೊರಗೆ ನೋಡಿದಳು, ಒಮ್ಮೆ ಕೆಳಗೆ ಇವರನ್ನು ನೋಡಿದಳು. ಮತ್ತೆ ಗಾಳಿ ಹಾಕತೊಡಗಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಯಾರಿಗೂ ಕಾಣುವುದಿಲ್ಲ ಎಂದು ಬೆಕ್ಕು ತಿಳಿದಿರುತ್ತದೆ, ಅಷ್ಟೇ.

ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಮೈದಾನದ ಹಿಂದಿನ ಓಣಿಯಿಂದ ಓಡುತ್ತ ಬಂದ ಹನೀಫರಿಗೆ ಚಪ್ಪಾಳೆ ಸಿಕ್ಕಿತು. "ಭಲೇ ಸಾಹೇಬ್ರ!" ಎಂದು ಮಾಸ್ತರರು ಬೆನ್ನು ಚಪ್ಪರಿಸಿದರು. ಹನೀಫರು ಕಟ್ಟೆಯ ಮೇಲೆ ಕೂತರು. ಸುನಂದಾ ಬಾಯಿ ಬರಲಿಲ್ಲ. ಇನ್ನೂ ಬರಲಿಲ್ಲ. ಕಿಟ್ಲಿಯ ಹೊಗೆ ನಿಂತಿತು. ಇಷ್ಟು ಹೊತ್ತು ಆಕೆ ಎಂದೂ ಮಾಡಿದ್ದಿಲ್ಲ ಎಂದು ಮಂದಿ ಎದ್ದು ನಿಂತಾಗ ದೂರದಲ್ಲಿ ಆಕೆ ಕಂಡರು. ಓಡುತ್ತಿರಲಿಲ್ಲ, ಹೊಳ್ಳಿ ಹೊಳ್ಳಿ ನೋಡುತ್ತ ನಡೆಯುತ್ತಿದ್ದರು.

"ಮಾಸ್ತರ, ಹನೀಫ ಅಣ್ಣಾರು ಕಾಣವಲ್ರು!" ಬರುತ್ತಲೇ ಕೂಗಿದರು. "ನಾ ಬೇವಿನ ಗಿಡದ ತನಕ ಹೊಳ್ಳಿ ಹೋಗಿ ನೋಡಿ ಬಂದೆ. ಎಲ್ಲೆರೆ ಬಿದ್ದಾರೇನೋ, ಯಾರರೆ ಗಾಡಿ ತಗೊಂಡು..."

ಅಷ್ಟರಲ್ಲಿ ಕಟ್ಟೆಯ ಮೇಲೆ ಹನೀಫರು ಕಂಡರು. ಮಾತು ಅಲ್ಲಿಗೇ ನಿಂತಿತು.

"ನೀವು ಯಾವಾಗ ಮುಂದ ಬಂದ್ರಿ ಅಣ್ಣಾರ?"

"ಈಗ... ಈಗಷ್ಟ" ಅಂದರು ಹನೀಫರು. ಮೈಕಿಲ್ಲದೆ ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ದನಿ ಆಗ ಎದುರಿನವರಿಗೂ ಸರಿಯಾಗಿ ಕೇಳಲಿಲ್ಲ.

ಸುನಂದಾ ಬಾಯಿ ಮೊದಲ ಕಪ್ಪು ತೆಗೆದುಕೊಂಡರು. ಚಹಾ ಆರಿಹೋಗಿತ್ತು. ಸಕ್ಕರೆಯ ಮಾತು ಆಡಲಿಲ್ಲ, "ಕುಡೀರಿ" ಎಂದಷ್ಟೇ ಅಂದರು. ಹನೀಫರು ತಮ್ಮ ಕಪ್ಪನ್ನು ಅರ್ಧಕ್ಕೇ ಕಟ್ಟೆಯ ಮೇಲಿಟ್ಟರು. ತನ್ನ ಮಾನ ಉಳಿಸಿಕೊಳ್ಳಲು ಹೋಗಿ, ಒಂದೂವರೆ ವರ್ಷ ಕಾದು ಕೂತಿದ್ದ ಒಬ್ಬ ಹೆಣ್ಣುಮಗಳ ಒಂದೇ ಒಂದು ಸಂತೋಷವನ್ನು ಕಿತ್ತುಕೊಂಡಿದ್ದರು. ಅದೂ ಸಾಲದು ಎಂದು ಆಕೆ ತನ್ನನ್ನೇ ಹುಡುಕಿಕೊಂಡು ಹಿಂದೆ ಹೋಗಿದ್ದರು. ಇದಕ್ಕಿಂತ ಆ ಕಪ್ಪೇ ಲೇಸಿತ್ತು.

ಮನೆಗೆ ಬಂದರೆ ಪೀರಬಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ತಲೆಯೆತ್ತದೆ ಕೇಳಿದಳು: "ನಿಮ್ಮ ಓಡೋ ಮಂದಿ ಬಸ್ಸಿನ್ಯಾಗ ಬರ್ತಾರಂತ, ಹೌದೇನ್ರಿ?"

ಹನೀಫರು ಬಾಗಿಲಲ್ಲೇ ನಿಂತರು. "ಯಾರು ಹೇಳಿದ್ರು?"

"ಹಾಲಿನ ಹಜರಾಬಿ ಹೇಳಿದ್ಲು. ಆಕೀಗೆ ಕಂಡಕ್ಟರ್ ಹೇಳಿದ್ನಂತ. ಊರ ಬಾಯಿಗೆ ನೀವು ಮೈಕ್ ಕೊಟ್ಟು ಬಂದೀರಿ."

ಹನೀಫರು ಗೋಡೆಗೆ ಒರಗಿ ಕೂತು ಇದ್ದದ್ದನ್ನೆಲ್ಲ ಹೇಳಿದರು, ಸುನಂದಾ ಬಾಯಿ ಹಿಂದೆ ಹೋದದ್ದನ್ನೂ ಹೇಳಿದರು. ಪೀರಬಿಯ ಕೈ ಹಿಟ್ಟಿನ ಮೇಲೆ ನಿಂತಿತು. ನಗು ಹೋಯಿತು.

"ಇದು ಚಲೋ ಆಗಲಿಲ್ರಿ. ಬಸ್ ಹತ್ತಿದ್ದು ಬಿಡ್ರಿ, ನಗ್ತಾರ, ಮರೀತಾರ. ಆ ಹೆಣ್ಮಗಳ ಮುಂದ ಹೋಗಿ ಹೇಳ್ರಿ. ಹೇಳೂತನಕ ನಿಮಗ ರೊಟ್ಟಿ ರುಚಿ ಹತ್ತಂಗಿಲ್ಲ, ನನಗ ಗೊತ್ತೈತಿ."

ಎರಡು ದಿನ ಹನೀಫರು ಪೋಸ್ಟ್ ಆಫೀಸಿನ ಮುಂದೆ ಹಾಯ್ದು ಹೋದರು, ಒಳಗೆ ಹೋಗಲಿಲ್ಲ. ಯಾರಾದರೂ ನಕ್ಕರೆ ತನ್ನನ್ನೇ ನೋಡಿ ನಕ್ಕಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ. ಮೂರನೆಯ ದಿನ ಒಳಗೆ ನುಗ್ಗಿ, ಸರತಿಯಲ್ಲಿ ನಿಂತು, ಕೌಂಟರಿಗೆ ಬಂದರು.

"ಏನ ಬೇಕ್ರಿ ಅಣ್ಣಾರ?"

"ಏನೂ ಬ್ಯಾಡ್ರಿ ಬಾಯಾರ. ಅವತ್ತ ನಾ ಓಡಿ ಬರಲಿಲ್ಲ. ಬಸ್ಸಿನ್ಯಾಗ ಬಂದೆ." ಒಂದೇ ಉಸಿರಿನಲ್ಲಿ ಹೇಳಿದರು. ಹಿಂದೆ ಮನಿಆರ್ಡರಿಗೆ ನಿಂತವನೂ ಕೇಳಿಸಿಕೊಂಡ.

ಸುನಂದಾ ಬಾಯಿ ಕೈಯಲ್ಲಿದ್ದ ಠಸ್ಸೆ ಕೆಳಗಿಟ್ಟರು. "ಗೊತ್ತೈತ್ರಿ."

"ನಿಮಗೂ ಹಜರಾಬಿ ಹೇಳಿದ್ಲೇನು?"

"ಇಲ್ರಿ. ನೀವು ಬಗ್ಗಿ ಕುಂತಾಗ ಬಾಜೂಕ ಸೆರಗಿನಲೆ ಗಾಳಿ ಹಾಕಾಕತ್ತಿದ್ರಲ್ಲ ಒಬ್ಬ ಮುದುಕಿ, ಅವರು ನಮ್ಮತ್ತಿ. ಗುರವ್ವ ಅಂತ. ಕನ್ನೊಳ್ಳ್ಯಾಗ ಮಗಳ ಮನಿಗೆ ಹೋಗಿ ಬರಾಕತ್ತಿದ್ರು. ಅವತ್ತ ಮನಿಗೆ ಬಂದು, 'ನಿನ್ನ ಹಿಂದಿನವನು ನನ್ನ ಕಾಲಾಗ ಕುಂತಿದ್ದ ನೋಡವ್ವಾ' ಅಂದ್ರು."

ಹನೀಫರು ಕಣ್ಣು ಮುಚ್ಚಿಕೊಂಡರು. ಕಣ್ಣು ತೆಗೆದಾಗ ಸುನಂದಾ ಬಾಯಿ ನಗುತ್ತಿದ್ದರು, ಆದರೆ ಪೂರಾ ನಗು ಅಲ್ಲ.

"ಸಿಟ್ಟ ಬಂದಿತ್ರಿ, ಸುಳ್ಳ್ಯಾಕ ಹೇಳಲಿ? ಕೊನೀಗೆ ಬರೂದು ನನಗೇನ ಹೊಸಾದಲ್ಲ. ಖರೇ ಅಂದ್ರ ನಿಮಗ ಏನೋ ಆಗೈತಿ ಅಂತ ನನ್ನ ಜೀವ ಹೋಗಿತ್ತು. ಬಳಗದಾಗ ನಾ ಯಾರಿಗೂ ಹೇಳಿಲ್ಲ. ಐತಾರ ಬರ್ತೀರೋ, ಇಲ್ಲೋ?"

"ಯಾವ ಮುಖಾ ತಗೊಂಡು ಬರಲ್ರಿ?"

"ಇದ್ದ ಮುಖಾನ ತಗೊಂಡು ಬರ್ರಿ. ನನಗ ಬಿಟ್ಟುಕೊಡ್ರಿ ಅಂತ ಹೇಳಾಕತ್ತಿಲ್ಲ ಮತ್ತ. ನೆಲದ ಮ್ಯಾಲೆ ಓಡ್ರಿ, ಮುಂದ ಹೋದ್ರ ಹೋಗ್ರಿ, ಹಿಂದ ಉಳಿದ್ರ ಉಳೀರಿ. ನಾನೂ ಒಂದು ಸಲ ಒಬ್ಬರನ್ನ ಖರೇ ಖರೇ ಸೋಲಿಸಿ ನೋಡಬೇಕು." ಆಮೇಲೆ ಕತ್ತು ಚಾಚಿ ಹಿಂದೆ ನಿಂತವನಿಗೆ, "ನಿಮ್ಮದೇನ್ರಿ, ಮನಿಆರ್ಡರೇನು?" ಅಂದರು.

ಹನೀಫರು ಹಗುರಾಗಿ ಹೊರಗೆ ಬಂದರು. ಓಡುವುದೇನೋ ಸರಿ. ಆದರೆ ಶ್ರೀಶೈಲನ ಗತಿಯೇನು? ಅವನೊಬ್ಬನೇ ಅಲ್ಲ, ಆ ಹಾದಿಯ ಯಾವ ಡ್ರೈವರನೂ ಕಂಟ್ರೋಲರನ್ನು ರಸ್ತೆಯಲ್ಲಿ ಬಿಟ್ಟು ಹೋಗುವವನಲ್ಲ. ಗಾಡಿ ನಿಂತರೆ ಕಾಲು ಮತ್ತೆ ಮೆಟ್ಟಿಲು ಹತ್ತೀತು ಎಂಬ ಹೆದರಿಕೆಯೂ ಇತ್ತು. ತನ್ನ ಕಾಲಿನ ಮೇಲೆ ಅವರಿಗೆ ಅಂಥ ನಂಬಿಕೆಯೇನೂ ಉಳಿದಿರಲಿಲ್ಲ.

ಶನಿವಾರ ಸಂಜೆ ಬಸ್‌ಸ್ಟ್ಯಾಂಡು ತುಂಬಿತ್ತು. ಮುದ್ದೇಬಿಹಾಳದ ಗಾಡಿ, ಬಾಗೇವಾಡಿಯ ಗಾಡಿ ಕೂಗಿದ ಮೇಲೆ ಹನೀಫರು ಒಂದು ಗಳಿಗೆ ಮೈಕನ್ನೇ ನೋಡುತ್ತ ಕೂತರು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎಂದುಕೊಂಡು ಗುಂಡಿ ಒತ್ತಿದರು.

"ಪ್ರಯಾಣಿಕರ ಗಮನಕ್ಕೆ, ಹಾಗೂ ಎಲ್ಲ ಡ್ರೈವರ್, ಕಂಡಕ್ಟರ್ ಅವರ ಗಮನಕ್ಕೆ. ನಾಳೆ ಮುಂಜಾನೆ ಕನ್ನೊಳ್ಳಿ ರಸ್ತೆಯಲ್ಲಿ ಸಿಂದಗಿ ಕಂಟ್ರೋಲರ್ ಓಡಲಿದ್ದಾರೆ. ಯಾವ ಗಾಡಿಯೂ ತಪ್ಪಿರುವುದಿಲ್ಲ. ಯಾರೂ ಅವರ ಹಿಂದೆ ಓಡಬಾರದು. ಯಾರೂ ಗಾಡಿ ನಿಲ್ಲಿಸಬಾರದು. ಹೋದ ವಾರ ಅವರು ಬಸ್ಸಿನಲ್ಲಿ ಬಂದಿದ್ದರು, ಅದು ತಪ್ಪಾಗಿದೆ. ಈ ವಾರ ನೆಲದ ಮೇಲೆ ಬರುತ್ತಾರೆ."

ಬಸ್‌ಸ್ಟ್ಯಾಂಡು ಓಡಲೆಂದು ಎದ್ದು ಎದ್ದಲ್ಲೇ ನಿಂತಿತು. ಆಮೇಲೆ ಎದ್ದ ನಗೆಗೆ ಕಂಬದ ಮೇಲಿನ ಪಾರಿವಾಳಗಳೆಲ್ಲ ಹಾರಿದವು. ಕಬ್ಬಿನ ಹಾಲಿನವನು ಗಾಣ ನಿಲ್ಲಿಸಿ ಚಪ್ಪಾಳೆ ಹೊಡೆದ. ಯಾರೋ ಜಾಳಿಗೆಯ ಹತ್ತಿರ ಬಂದು "ಸಾಹೇಬ್ರ, ಎಷ್ಟನೇ ಪ್ಲಾಟ್‌ಫಾರ್ಮಿನಿಂದ ಬಿಡ್ತೀರಿ?" ಎಂದು ಕೇಳಿ ಹೋದರು. ಹನೀಫರಿಗೂ ನಗು ತಡೆಯಲಾಗಲಿಲ್ಲ. ಯಾವ ನಗೆಗೆ ಹೆದರಿದ್ದರೋ ಅದೇ ಬಂದಿತ್ತು, ಆದರೆ ಬಂದಮೇಲೆ ನೋಡಿದರೆ ಅದರಲ್ಲಿ ಹೆದರುವಂಥದ್ದೇನೂ ಇರಲಿಲ್ಲ.

ರವಿವಾರ ಅವರು ಅತ್ತರು ಹಚ್ಚಲಿಲ್ಲ, ಎರಡು ಪ್ಯಾಂಟು ಹಾಕಲಿಲ್ಲ. ಬೂಟು ಕಾಲಿಗೇ ಹಾಕಿಕೊಂಡು ಓಣಿಯಲ್ಲಿ ನಡೆದರು. ಮೈದಾನದಲ್ಲಿ ಸುನಂದಾ ಬಾಯಿ ವೇಲು ಬಿಗಿಯುತ್ತಿದ್ದರು. ಬಸಂತರಾಯ ಮಾಸ್ತರರು ಸೀಟಿ ಬಾಯಿಗಿಟ್ಟು ನಗು ಬಂದು ಊದಲಾರದೆ ಎರಡು ಸಲ ತಡೆದರು.

ಹೋಗುವ ಹಾದಿಯಲ್ಲಿ ಎದುರಿಗೆ ಬಂದ ಗಾಡಿಯೊಂದು ಹಾರ್ನ್ ಹೊಡೆದು ದಾಟಿತು, ನಿಲ್ಲಲಿಲ್ಲ. ಹನೀಫರು ಬೇವಿನ ಗಿಡ ಮುಟ್ಟಿ ಹೊಳ್ಳಿದರು. ಸುನಂದಾ ಬಾಯಿ ಮುಂದೆ ಇದ್ದರು, ಆದರೆ ಬಹಳ ಮುಂದೆ ಅಲ್ಲ. ಅಷ್ಟರಲ್ಲಿ ಹಿಂದಿನಿಂದ ಶ್ರೀಶೈಲನ ಗಾಡಿ ಬಂತು. ಬಂದದ್ದೇನೋ ಬಂತು, ಮುಂದೆ ಹೋಗಲಿಲ್ಲ. ನಿಲ್ಲಿಸಬೇಡ ಅಂದಿದ್ದರು, ನಿಲ್ಲಿಸಲಿಲ್ಲ. ಆದರೆ ಸಾಹೇಬರನ್ನು ಹಿಂದೆ ಹಾಕಿ ಹೋಗಲು ಅವನಿಗೆ ಮನಸ್ಸು ಬರಲಿಲ್ಲ. ಎತ್ತಿನ ಗಾಡಿಯ ಹಾಗೆ ಅವರ ಹಿಂದೆಯೇ ಗುರುಗುಟ್ಟುತ್ತ ಬಂದ. ಕಿಟಕಿಗಳಿಂದ ತಲೆಗಳು ಹೊರಬಂದವು. "ಹೌದ್ರೀ ಸಾಹೇಬ್ರ! ಬಿಡಬ್ಯಾಡ್ರಿ!" ಎಂದು ಗಾಡಿಗೆ ಗಾಡಿಯೇ ಕೂಗಿತು.

ಹನೀಫರು ಓಡುತ್ತಲೇ ಕೈಯೆತ್ತಿ ತಮ್ಮ ಮೈಕಿನ ದನಿಯಲ್ಲಿ ಬೈದರು: "ಗಾಡಿ ಲೇಟ್ ಆಗಾಕತ್ತೈತೋ ಶ್ರೀಶೈಲಾ! ಮುಂದ ಹೋಗು!"

ಬೈಗುಳ ಬಿದ್ದ ಮೇಲೆ ಶ್ರೀಶೈಲನಿಗೆ ಸಮಾಧಾನವಾಗಿ ಗೇರು ಬದಲಿಸಿದ. ಆ ಕೂಗು ಸುನಂದಾ ಬಾಯಿಗೂ ಕೇಳಿತು. ಹೊಳ್ಳಿ ನೋಡಿದರು. ಹನೀಫರು ಕಂಡರು, ಹೋದ ವಾರಕ್ಕಿಂತ ಹತ್ತಿರದಲ್ಲಿ ಕಂಡರು. ಕೈಯೆತ್ತಲಿಲ್ಲ ಈ ಸಲ. ಮುಖ ತಿರುಗಿಸಿ ಜೋರು ಮಾಡಿದರು.

ಈಗ ಹನೀಫರಿಗೂ ಹುಕಿ ಬಂತು. ಬಿಟ್ಟುಕೊಡುವ ಮಾತೇ ಇರಲಿಲ್ಲ, ಆಕೆಯೇ ಬೇಡ ಅಂದಿದ್ದರಲ್ಲ. ಬಸ್‌ಸ್ಟ್ಯಾಂಡಿನ ಮುಂದೆ ಇಬ್ಬರ ನಡುವೆ ಒಂದು ಗಾಡಿಯಷ್ಟು ಅಂತರ ಉಳಿಯಿತು. ಗಂಟು ಹಿಡಿದು ನಿಂತವರು ಯಾರೂ ಹಿಂದೆ ಓಡಲಿಲ್ಲ, ನಿಂತಲ್ಲೇ ಸೀಟಿ ಹೊಡೆದರು. ಮೈದಾನದ ಗೇಟಿನಲ್ಲಿ ಹನೀಫರಿಗೆ ಆಕೆಯ ಉಸಿರು ಕೇಳುವಷ್ಟು ಹತ್ತಿರವಾಯಿತು. ಇನ್ನೊಂದಿಷ್ಟು, ಇನ್ನೊಂದೇ ಇಷ್ಟು ಎಂದು ಕಾಲು ಚಾಚಿದರು. ಸುನಂದಾ ಬಾಯಿ ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಕಟ್ಟೆಯ ಕಡೆ ನುಗ್ಗಿದರು. ಹನೀಫರ ಎದೆಯಲ್ಲಿ ಉಸಿರು ತೀರಿತು. ಆಕೆ ಕಟ್ಟೆ ಮುಟ್ಟಿ ಹೊಳ್ಳಿ ನೋಡಿದಾಗ ಅವರ ಹಿಂದೆ, ಖರೇ ಖರೇ, ಒಬ್ಬ ಮನುಷ್ಯ ಬರುತ್ತಿದ್ದ.

ಮೈದಾನವೆಲ್ಲ ಕೂಗಿತು. ಕಟ್ಟೆಯ ಪಕ್ಕದಲ್ಲಿ ಬುರಖಾದ ಮುಸುಕು ಹಿಂದೆ ಸರಿಸಿಕೊಂಡು ಪೀರಬಿಯೂ ನಿಂತಿದ್ದಳು. ಯಾವಾಗ ಬಂದಿದ್ದಳೋ, ಯಾರಿಗೂ ಹೇಳದೆ ಬಂದಿದ್ದಳು. ಅವಳ ಪಕ್ಕದಲ್ಲಿ ಗುರವ್ವ. ಇಬ್ಬರೂ ಹಳೆಯ ಗೆಳತಿಯರಂತೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು.

ಸುನಂದಾ ಬಾಯಿ ಯಾರಿಗೂ ಕಿಟ್ಲಿ ಮುಟ್ಟಗೊಡಲಿಲ್ಲ. ಉಸಿರು ಇನ್ನೂ ಕೂಡಿರಲಿಲ್ಲ. ತಾವೇ ಕಪ್ಪಿಗೆ ಚಹಾ ಬಗ್ಗಿಸಿದರು, ಅರ್ಧ ಕೆಳಗಿನ ಬಸಿಗೆ ಚೆಲ್ಲಿತು. ಎರಡೂ ಕೈಯಲ್ಲಿ ಹಿಡಿದು ಹನೀಫರ ಮುಂದೆ ಬಂದು ನಿಂತರು.

"ಖರೇ ಹೇಳ್ರಿ ಅಣ್ಣಾರ. ಬಿಟ್ಟುಕೊಟ್ರೇನು?"

"ಅಲ್ಲಾನ ಆಣಿ ಮಾಡಿ ಹೇಳ್ತೇನ್ರಿ ಬಾಯಾರ" ಅಂದರು ಹನೀಫರು, ಮೊಣಕಾಲ ಮೇಲಿನ ಕೈ ತೆಗೆಯದೆ. "ಜೀವಾ ಹೋಗೂವಂಗ ಓಡೇನಿ. ನೀವು ಸಿಗಲಿಲ್ಲ."

ಸುನಂದಾ ಬಾಯಿಯ ಕಣ್ಣು ತುಂಬಿದವು. ತುಂಬಿದ ಕಣ್ಣಿನಲ್ಲೇ ಪೂರಾ ನಕ್ಕರು.

"ಹಂಗಾರ ತಗೋರಿ. ಲಗೂ ಕುಡೀರಿ, ಮಂದಿ ಕಾಯಾಕತ್ತಾರ."

ಹನೀಫರು ನೆಟ್ಟಗೆ ನಿಂತು ಕಪ್ಪು ತೆಗೆದುಕೊಂಡರು. ಇಷ್ಟೂ ಮಂದಿ ಅವರ ಬಾಯಿಯನ್ನೇ ನೋಡುತ್ತಿದ್ದರು, ಒಬ್ಬರ ಮುಖದಲ್ಲೂ ತಡವಾಯಿತೆಂಬ ಬೇಸರವಿರಲಿಲ್ಲ. ಒಂದು ಗುಟುಕು ಕುಡಿದರು. ಬಿಸಿಯಾಗಿತ್ತು.

"ಸಕ್ಕರಿ ಬರೋಬ್ಬರಿ ಐತ್ರಿ" ಎಂದು ಕೂಗಿದರು. ಆ ಕೂಗು ಬಸ್‌ಸ್ಟ್ಯಾಂಡಿನ ತನಕ ಕೇಳಿತಂತೆ.